ಬ್ಯಾಟರಿ ವೈರ್ ಬಿಚ್ಚಿದರೆ ಚೆಕ್ ಎಂಜಿನ್ ಲೈಟ್ ಸಮಸ್ಯೆ ಸರಿಹೋಗುತ್ತದೆಯೇ?

‘ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಬಂದರೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಹತ್ತು ನಿಮಿಷ ಬಿಡಿ ಸಾಕು’ ಎಂಬ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತದೆ. ಇದು ಅರ್ಧ ನಿಜ. ಬಹುತೇಕ ಹಳೆಯ ಕಾರುಗಳಲ್ಲಿ ದೀಪವೇನೋ ಆರುತ್ತದೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಜೊತೆಗೆ, ಅದನ್ನು ಹಿಡಿಯಲು ಇದ್ದ ಸುಳಿವೂ ಅಳಿಸಿಹೋಗುತ್ತದೆ.

ದೀಪ ಒಂದು ವಾರ ಉರಿದು, ಇನ್ನೊಂದು ವಾರ ಕಾಣದಂತಾಗುವ ಕಾರಿಗೆ ಆ ಸುಳಿವೇ ಆಧಾರ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಸೆನ್ಸರ್‌ಗಳನ್ನು ಸದಾ ಗಮನಿಸುತ್ತಿರುತ್ತದೆ. ಸಾಮಾನ್ಯವಾಗಿ ಒಂದೇ ದೋಷ ಸತತ ಎರಡು ಪ್ರಯಾಣಗಳಲ್ಲಿ ಕಂಡರೆ ದೀಪ ಹಚ್ಚುತ್ತದೆ. ಮುಂದಿನ ಮೂರು ಪ್ರಯಾಣಗಳಲ್ಲಿ ಕಾಣದಿದ್ದರೆ ತಾನೇ ಆರಿಸುತ್ತದೆ. ಆದರೆ ದೋಷದ ಕೋಡ್ ಕೂಡಲೇ ಹೋಗುವುದಿಲ್ಲ. ಎಂಜಿನ್ ಸುಮಾರು 40 ಬಾರಿ ಬಿಸಿಯಾಗಿ ತಣಿಯುವವರೆಗೂ ಅದು ನೆನಪಿನಲ್ಲಿ ಉಳಿಯುತ್ತದೆ. ಹಾಗಾಗಿ ದೀಪ ಆರಿದ್ದರೂ ಸ್ಕ್ಯಾನ್ ಮಾಡಿಸಬಹುದು. ದೋಷ ಕಂಡ ಗಳಿಗೆಯಲ್ಲಿ ಕಾರಿನ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂಬುದೂ ‘ಫ್ರೀಜ್ ಫ್ರೇಮ್’ ಎಂಬ ದಾಖಲೆಯಲ್ಲಿರುತ್ತದೆ. ಬ್ಯಾಟರಿ ಬಿಚ್ಚಿದರೆ ಅಳಿಯುವುದು ಇದೇ.

ಭಾರತದಲ್ಲಿ ಬಿಎಸ್-4 ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಿಂದ. ಸ್ಟೀರಿಂಗ್ ಕೆಳಗೆ 16 ಪಿನ್‌ಗಳ ಸಾಕೆಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲ್‌ನಲ್ಲೇ ಕೋಡ್ ಓದಬಹುದು.

ಕೋಡ್ ಸಿಕ್ಕಿತೆಂದು ಕೂಡಲೇ ಬಿಡಿಭಾಗ ಕೊಳ್ಳಬೇಡಿ. ಕೋಡ್ ಹೇಳುವುದು ಲಕ್ಷಣ, ಕಾರಣವಲ್ಲ. ಪಿ0171 ಎಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ. ಎಷ್ಟೋ ಸಲ ಇದಕ್ಕೆ ಕಾರಣ ಬಿರುಕು ಬಿಟ್ಟ ರಬ್ಬರ್ ಪೈಪ್. ನನ್ನ ಸೋದರಮಾವನ 2014ರ ಪೆಟ್ರೋಲ್ ಕಾರಿನಲ್ಲಿ ಮಳೆಗಾಲದ ಬೆಳಿಗ್ಗೆಗಳಲ್ಲಿ ಮಾತ್ರ ದೀಪ ಬರುತ್ತಿತ್ತು. ಒಂದು ಗ್ಯಾರೇಜ್‌ನವರು ಕೋಡ್ ನೋಡದೆಯೇ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಎರಡು ವಾರಕ್ಕೆ ದೀಪ ಮತ್ತೆ ಹಾಜರ್! ಸ್ಕ್ಯಾನ್ ಮಾಡಿದಾಗ ಬಂದದ್ದು ಪಿ0301, ಅಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಆಗ ಎಂಜಿನ್ ತಣ್ಣಗಿತ್ತು. ಒಂದು ಮತ್ತು ಎರಡನೇ ಸಿಲಿಂಡರ್‌ಗಳ ಇಗ್ನಿಷನ್ ಕಾಯಿಲ್ ಅದಲುಬದಲು ಮಾಡಿ ಓಡಿಸಿದಾಗ ಕೋಡ್ ಪಿ0302 ಆಯಿತು. ಕಾಯಿಲ್ ಜೊತೆಗೆ ದೋಷವೂ ಜಾಗ ಬದಲಿಸಿತ್ತು! ಬದಲಿಸಬೇಕಿದ್ದದ್ದು ಅದೊಂದನ್ನೇ.

ಇಂಥ ಬಂದುಹೋಗುವ ದೋಷಗಳು ತೇವ, ಬಿಸಿ ಅಥವಾ ಅಲುಗಾಟಕ್ಕೆ ಹೊರಬರುತ್ತವೆ. ಸಡಿಲ ಕನೆಕ್ಟರ್, ತುಕ್ಕು ಹಿಡಿದ ಅರ್ಥ್ ವೈರ್, ಇಲಿ ಕಡಿದ ವೈರ್ (ಹೌದು, ನಮ್ಮಲ್ಲಿ ಇದು ಸಾಮಾನ್ಯ) ನೋಡಿಸಿ. ದೀಪ ಬಂದಾಗ ಮಳೆಯಿತ್ತೇ, ಘಾಟಿ ಹತ್ತುತ್ತಿದ್ದಿರೇ, ಆಗಷ್ಟೇ ಪೆಟ್ರೋಲ್ ಹಾಕಿಸಿದ್ದಿರೇ ಎಂದು ಮೊಬೈಲ್‌ನಲ್ಲಿ ಬರೆದಿಟ್ಟು ಮೆಕ್ಯಾನಿಕ್‌ಗೆ ತೋರಿಸಿ.

‘ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಮಾಡಿ’ ಎಂಬ ಇನ್ನೊಂದು ಫಾರ್ವರ್ಡ್ ಅಮೆರಿಕದ ಕಾರುಗಳಿಗೆ ಸರಿ. ಅಲ್ಲಿ ಟ್ಯಾಂಕಿನಿಂದ ಆವಿ ಸೋರುವುದನ್ನು ಕಾರೇ ಪತ್ತೆಹಚ್ಚಬೇಕೆಂಬ ನಿಯಮವಿದೆ. ನಮ್ಮ ಬಿಎಸ್-4 ಕಾರುಗಳಿಗೆ ಅಂಥ ನಿಯಮ ಇರಲಿಲ್ಲ. ಬಿಗಿಮಾಡಿದರೆ ನಷ್ಟವೇನಿಲ್ಲ, ಅಷ್ಟೇ.

ದೀಪ ಮಿನುಗುತ್ತಿದ್ದರೆ ಮಾತ್ರ ಕಾಯಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತಿದೆ ಎಂದರ್ಥ. ವಿಪರೀತ ಬಿಸಿಯಾಗಿ ಅದರ ಒಳಭಾಗ ಕರಗಬಹುದು. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಇಗ್ನಿಷನ್ ಆನ್ ಮಾಡಿ ನೋಡಿ. ಆಗ ಈ ದೀಪ ಬರಲೇಬೇಕು. ಬಾರದಿದ್ದರೆ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ಕಿತ್ತಿದ್ದಾರೆ. ಸ್ಕ್ಯಾನರ್‌ನಲ್ಲಿ ‘ರೆಡಿನೆಸ್’ ಪರೀಕ್ಷೆಗಳು ಅಪೂರ್ಣ ಎಂದು ಬಂದರೆ, ಕೋಡ್‌ಗಳನ್ನು ಇತ್ತೀಚೆಗೆ ಅಳಿಸಿರುವ ಸಾಧ್ಯತೆಯಿದೆ. ಬ್ಯಾಟರಿ ಯಾವಾಗ ಬಿಚ್ಚಿದ್ದು ಎಂದು ಮಾರುವವರನ್ನು ಕೇಳಿ.