ಬೆನ್ನ ಕೆಳಗಿನ ಚಳಿ: ಕಂಬಳಿಯಿಂದ ಹ್ಯಾಮಕ್ ಹೊದಿಕೆಯವರೆಗೆ

ಕಲಬುರಗಿ ಜಿಲ್ಲೆ ಎಂದರೆ 40 ಡಿಗ್ರಿ ದಾಟುವ ಬೇಸಿಗೆಯೇ ಎಲ್ಲರ ನೆನಪಿಗೆ ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ಚಳಿಯ ಬಗ್ಗೆ ಬರೆದರೆ ಹೊರಗಿನವರು ನಕ್ಕಾರು. ಆದರೆ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೊಲದಲ್ಲಿ ರಾತ್ರಿ ಕಳೆದವರು ನಗುವುದಿಲ್ಲ. ಮೋಡವಿಲ್ಲದ ಆಕಾಶ, ಮರ ವಿರಳವಾದ ಎರೆ ಭೂಮಿ. ಹಗಲು ಹೀರಿಕೊಂಡ ಕಾವನ್ನು ನೆಲ ರಾತ್ರಿ ಉಳಿಸಿಕೊಳ್ಳುವುದಿಲ್ಲ. ಬೆಳಗಿನ ಜಾವಕ್ಕೆ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಹಿಂಗಾರಿ ಜೋಳ ಕಾಯಲು ಮಂಚಿಕೆ ಹತ್ತಿದವರಿಗೆ ಮೇಲಿನ ಚಳಿಗಿಂತ ಕೆಳಗಿನಿಂದ ನುಗ್ಗುವ ಗಾಳಿಯೇ ಹೆಚ್ಚು ಕಾಡುತ್ತದೆ. ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ ಮಲಗುವ ಇಂದಿನ ಚಾರಣಿಗರ ಸಮಸ್ಯೆಯೂ ಇದೇ.

ಯಾವ ಹೊದಿಕೆಯೂ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ಅಲ್ಲಾಡದೆ ನಿಂತ ಗಾಳಿಯೇ ಮೈಯ ಕಾವನ್ನು ತಡೆದಿಡುತ್ತದೆ. ಆ ಗಾಳಿ ಹೊರಹೋಗುವುದು ಎರಡು ಕಾರಣಕ್ಕೆ: ಮೈಭಾರಕ್ಕೆ ಹೊದಿಕೆ ಚಪ್ಪಟೆಯಾದಾಗ, ಇಲ್ಲವೇ ಅದು ನೆನೆದಾಗ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಇದರ ಜೊತೆಗೆ ಹೊದಿಕೆಯನ್ನು ಹೊರುವವರು ಯಾರು ಎಂಬ ಪ್ರಶ್ನೆ ಸೇರಿದರೆ ಈ ವಸ್ತುಗಳ ಇತಿಹಾಸದ ಜಾಡು ಸಿಗುತ್ತದೆ.

ಹೆಗಲ ಮೇಲಿನ ಉಣ್ಣೆ

ಮೊದಲು ಹೊತ್ತವರು ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ ಇವರಿಗೆ ಕಂಬಳಿಯೊಂದೇ ಹಾಸಿಗೆ, ಹೊದಿಕೆ. ಮಳೆ ಬಂದರೆ ಕೊಪ್ಪೆ. ದಖ್ಖನಿ ಕುರಿಯ ಉಣ್ಣೆ ಒರಟು. ಅದರ ಎಳೆ 30 ಮೈಕ್ರಾನಿಗಿಂತ ದಪ್ಪ. 20 ಮೈಕ್ರಾನಿನ ಆಸುಪಾಸಿನ ಮೆರಿನೊದಂತೆ ಅದನ್ನು ಬರಿಮೈಗೆ ಹಾಕಿಕೊಳ್ಳಲಾಗದು. ಆದರೆ ಆ ಒರಟು ಎಳೆಗೇ ಹೊರಗಿನ ಬಾಳಿಗೆ ಬೇಕಾದ ತಾಳಿಕೆ ಇದೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗೆಳೆದುಕೊಂಡರೂ ಮೈಗೆ ತಣ್ಣಗೆನಿಸುವುದಿಲ್ಲ. ತೇವ ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ನೂಲಿಗೆ ಹುಣಸೆ ಬೀಜದ ಅಂಟು ಕೊಟ್ಟು ಕುಣಿಮಗ್ಗದಲ್ಲಿ ಒತ್ತಾಗಿ ನೇಯ್ದ ಕಂಬಳಿಗೆ ಗಾಳಿಯನ್ನು ತಡೆಯುವ ಗುಣವೂ ಬರುತ್ತದೆ.

ಈಚಿನ ದಶಕಗಳಲ್ಲಿ ಮಾಂಸದ ಬೆಲೆ ಏರಿ, ಉಣ್ಣೆ ಕೇಳುವವರು ಕಡಿಮೆಯಾದರು. ಹಲವು ಕುರಿಗಾರರು ಬೇಗ ತೂಕ ಬರುವ, ಉಣ್ಣೆಗಿಂತ ಕೂದಲೇ ಹೆಚ್ಚಿರುವ ತಳಿಗಳತ್ತ ಹೊರಳಿದರು. ಕಂಬಳಿ ಹಿಂದೆ ಸರಿದದ್ದು ಅದರ ಗುಣ ಕೆಟ್ಟಿದ್ದಕ್ಕಲ್ಲ. ಕುರಿಯ ಲೆಕ್ಕಾಚಾರ ಬದಲಾದದ್ದಕ್ಕೆ.

ಮನೆಯಲ್ಲುಳಿದ ಹತ್ತಿ

ಊರಲ್ಲಿ ನೆಲೆಸಿದ ಒಕ್ಕಲಿಗೆ ಹೊರುವ ಚಿಂತೆ ಇರಲಿಲ್ಲ. ಹಾಗಾಗಿ ಹೊರಸಿನ ಮೇಲೆ ಗಾದಿ ಬಂತು. ಪಿಂಜಾರರು ಬಿಲ್ಲಿನಿಂದ, ಮುಂದೆ ಯಂತ್ರದಿಂದ, ಹತ್ತಿಯನ್ನು ಹಿಂಜಿ ಅದರೊಳಗೆ ಗಾಳಿ ತುಂಬುತ್ತಾರೆ. ವರ್ಷ ಎರಡು ವರ್ಷಕ್ಕೆ ಗಡ್ಡೆ ಕಟ್ಟಿದ ಹತ್ತಿಯನ್ನು ಮತ್ತೆ ಹಿಂಜಿಸುವುದು ಅದೇ ಗಾಳಿಯನ್ನು ಮರಳಿ ಪಡೆಯಲು. ಹೊರಸಿನ ಹಗ್ಗದ ಸಂದಿಯಿಂದ ಬರುವ ಚಳಿಯನ್ನು ಗಾದಿ ತಡೆಯುವುದು ತನ್ನ ದಪ್ಪದಿಂದ: ಹತ್ತಿ ಎಷ್ಟು ಕುಗ್ಗಿದರೂ ಮತ್ತಷ್ಟು ಉಳಿದಿರುತ್ತದೆ. ಹತ್ತು ಕಿಲೊ ಗಾದಿ ಅಂಗಳದಾಚೆ ಹೋಗಬೇಕಾಗಿಲ್ಲವಲ್ಲ.

ಕೌದಿಯದು ಇನ್ನೊಂದು ಜಾಣತನ. ಹಳೆಯ ಸೀರೆ, ಧೋತರಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನತ್ತ ಒತ್ತೊತ್ತಾಗಿ ದಾರ ಓಡಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಗೊಂದಳಿ ಹೆಣ್ಣುಮಕ್ಕಳು ಮನೆಮನೆಗೆ ಬಂದು ಹೊಲಿದುಕೊಡುತ್ತಿದ್ದರು. ಯಲ್ಲಾಪುರ, ಹಳಿಯಾಳದ ಸಿದ್ದಿಯರ ಕವಂದಿಯೂ ಇದೇ ಕುಲದ್ದು. ಹತ್ತಿ ಬಿಡಿಸಲು ಹೋದ ತಾಯಂದಿರು ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಒಳಗೆ ಕೌದಿ ಮಡಚಿ ಹಾಸಿ ಕೂಸನ್ನು ಮಲಗಿಸುತ್ತಾರೆ. ಕೂಸು ಹಗುರ, ಹೊತ್ತು ಹಗಲು, ಕೌದಿ ಸಾಕಾಗುತ್ತದೆ. ದೊಡ್ಡವರು ರಾತ್ರಿಯಿಡೀ ಜೋಲಿಯಲ್ಲಿ ಮಲಗುವ ರೂಢಿ ಈ ಕಡೆ ಇಲ್ಲ. ಆದ್ದರಿಂದ ಜೋಲಿಯ ಕೆಳಗಿನ ಚಳಿಗೆ ಇಲ್ಲಿ ಪ್ರತ್ಯೇಕ ಉಪಾಯವೂ ಹುಟ್ಟಲಿಲ್ಲ.

ಕಲಬುರಗಿಯ ಎಂಎಸ್‌ಕೆ ಬಟ್ಟೆ ಗಿರಣಿ ಮುಚ್ಚಿತು. ಗಡಿಯಾಚೆಯ ಸೊಲ್ಲಾಪುರದ ಚಾದರ ಇನ್ನೂ ಬಳಕೆಯಲ್ಲಿದೆ. ಅದರ ಪಕ್ಕದಲ್ಲಿ ಪಾಣಿಪತ್ತಿನ ಕಂಬಳಿ ಬಂದು ಕುಳಿತಿದೆ: ಮೊದಲು ಹಳೆಯ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ ನೇಯ್ದದ್ದು, ಈಗ ಮೆತ್ತನೆಯ ಪಾಲಿಯೆಸ್ಟರಿನದು.

ಹೊರೆ ಇಳಿಸಿದ ಶತಮಾನ

ಹೊರಗಿನ ಜಗತ್ತಿನಲ್ಲಿ ಹೊದಿಕೆಯ ದಾರಿಯನ್ನು ಬದಲಿಸಿದವರು ಸೈನಿಕರು, ಬೇಟೆಗಾರರು. 1876ರಲ್ಲಿ ವೇಲ್ಸ್‌ನ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ ಉಣ್ಣೆಯ ಕಂಬಳಿಗೆ ಗಾಳಿ ತುಂಬುವ ದಿಂಬು ಸೇರಿಸಿ, ಮಡಚಿ ಒಳಹೊಕ್ಕು ಮಲಗುವ ಹೊದಿಕೆಗೆ ಪೇಟೆಂಟ್ ಪಡೆದ. ರಷ್ಯಾದ ಸೈನ್ಯ ಅದನ್ನು ಕೊಂಡಿತು. ಅಮೆರಿಕದ ಎಡ್ಡಿ ಬಾಯರ್, ಪುಕ್ಕ ತುಂಬಿ ಅಂಕಣ ಅಂಕಣವಾಗಿ ಹೊಲಿದ ಜಾಕೆಟ್ಟಿಗೆ 1940ರಲ್ಲಿ ಪೇಟೆಂಟ್ ಪಡೆದ. ತೂಕಕ್ಕೆ ಹೋಲಿಸಿದರೆ ಬಾತುಕೋಳಿಯ ಮೆತ್ತನೆಯ ಪುಕ್ಕದಷ್ಟು ಗಾಳಿ ಹಿಡಿಯುವ ವಸ್ತು ಅಪರೂಪ. ನೆನೆದರೆ ಮಾತ್ರ ಅದು ಮುದ್ದೆ.

1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ರೂಪಿಸಿದ ಪಾಲಿಯೆಸ್ಟರ್ ಈ ದೋಷಕ್ಕೆ ಉತ್ತರವಾಯಿತು. ನೀರು ಹೀರದ, ಒತ್ತಿದರೆ ಮತ್ತೆ ಮೇಲೇಳುವ ಆ ಎಳೆಯಿಂದ 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಪ್ರೈಮಾಲಾಫ್ಟ್ ಎಂಬ ತುಂಬುವ ವಸ್ತು ಬಂತು. ಎರಡನೇ ಮಹಾಯುದ್ಧದ ಕಾಲದ ಇನ್ನೊಂದು ಪ್ರಯೋಗ ನಮ್ಮ ಬಯಲಿಗೆ ಹತ್ತಿರದ್ದು. ಜಾವಾದ ಬೂರುಗದ ಹತ್ತಿ ಜಪಾನಿನ ಕೈಸೇರಿದಾಗ, ಜೀವರಕ್ಷಕ ಜಾಕೆಟ್ಟುಗಳಿಗಾಗಿ ಅಮೆರಿಕದ ಶಾಲಾಮಕ್ಕಳು ಮಿಲ್ಕ್‌ವೀಡ್ ಗಿಡದ ಕಾಯಿಯ ನಾರು ಆಯ್ದರು. ಅದು ನಮ್ಮ ಎಕ್ಕೆಯ ಬಂಧು. ಬೂರುಗ, ಎಕ್ಕೆ ಎರಡರ ಎಳೆಯೂ ಒಳಗೆ ಟೊಳ್ಳು, ಬಲು ಹಗುರ. ಆದರೆ ನುಣುಪಾದ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳದೆ ಜಾರಿ ಮೂಲೆಗೆ ಸೇರುತ್ತವೆ. ಚಿಕ್ಕ ಚಿಕ್ಕ ಅಂಕಣಗಳಿಲ್ಲದೆ ಹೊದಿಕೆಗೆ ಒಗ್ಗವು.

ಕೆಳಗೆ ತೂಗುವ ಹೊದಿಕೆ

ಹ್ಯಾಮಕ್ ಅಮೆರಿಕ ಖಂಡದ ಮೂಲನಿವಾಸಿಗಳದು. ಉಷ್ಣ ಪ್ರದೇಶದಲ್ಲಿ ಅದರ ಗುಣವೇ ಕೆಳಗಿನ ತಂಗಾಳಿ. 1999ರಲ್ಲಿ ಹೆನೆಸಿ ಹ್ಯಾಮಕ್ ಮಾರುಕಟ್ಟೆಗೆ ಬಂದ ಮೇಲೆ ತಣ್ಣನೆಯ ಕಾಡುಗಳಲ್ಲೂ ಜನ ಅದನ್ನು ಕಟ್ಟತೊಡಗಿದರು. ಆಗ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಕೂಡ ಬೆನ್ನಿನಡಿ ಸೋತಿತು. ಮಲಗಿದವರ ಭಾರಕ್ಕೆ ಅದರ ತಳ ಕಾಗದದಂತೆ ತೆಳ್ಳಗಾಗುತ್ತದೆ, ಗಾಳಿ ಅಲ್ಲಿಂದಲೇ ಕಾವು ಕದಿಯುತ್ತದೆ.

ಒಂದು ಪರಿಹಾರ, ಕುಗ್ಗದ ಫೋಮ್ ಚಾಪೆಯನ್ನು ಒಳಗೆ ಹಾಸುವುದು. ಅಗ್ಗ, ನೀರು ಹೀರದು. ಆದರೆ ಜಾರುತ್ತದೆ, ಬೆವರು ಬರಿಸುತ್ತದೆ, ಭುಜಗಳು ಹೊರಗುಳಿಯುತ್ತವೆ. 2000ರ ದಶಕದಲ್ಲಿ ಬಳಕೆಗೆ ಬಂದ ಅಂಡರ್‌ಕ್ವಿಲ್ಟ್ ಸಮಸ್ಯೆಯ ಬುಡಕ್ಕೇ ಕೈಹಾಕಿತು. ಹೊದಿಕೆಯನ್ನು ಹ್ಯಾಮಕ್ಕಿನ ಹೊರಗೆ, ಕೆಳಗೆ ತೂಗುಹಾಕಿದರೆ ಅದರ ಮೇಲೆ ಭಾರವೇ ಬೀಳುವುದಿಲ್ಲ. ವಸ್ತು ಹಳೆಯದೇ, ಜಾಗ ಹೊಸದು. ಫೋಮ್ ಚಾಪೆಗಳ ತಡೆಶಕ್ತಿ ಅಳೆಯಲು 2018ರಲ್ಲಿ ಒಂದು ಸಾಮಾನ್ಯ ಮಾನದಂಡ ಬಂತು. ಅಂಡರ್‌ಕ್ವಿಲ್ಟ್ ಮೇಲೆ ಬರೆದಿರುವ ಡಿಗ್ರಿ ಮಾತ್ರ ಹೆಚ್ಚಾಗಿ ತಯಾರಕರ ಅಂದಾಜು. ಬರೆದಿದ್ದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಿನ ಉಷ್ಣಾಂಶದವರೆಗೆ ಮಾತ್ರ ಅದು ಸಾಕು ಎಂದುಕೊಂಡು ಕೊಳ್ಳುವುದು ಲೇಸು.

ಇಲ್ಲಿ ಮಾಡುವುದಾದರೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಚಳಿಗೆ ವಿದೇಶಿ ಪುಕ್ಕ ಬೇಕಿಲ್ಲ. ಚದರ ಮೀಟರಿಗೆ 100ರಿಂದ 150 ಗ್ರಾಂ ತೂಗುವ ಪಾಲಿಯೆಸ್ಟರ್ ಹಾಳೆಯ ಒಂದು ಪದರ, ಎರಡೂ ಬದಿಗೆ ತೆಳುವಾದ ನೈಲಾನ್ ಬಟ್ಟೆ, ತುದಿಗಳಿಗೆ ಎಲಾಸ್ಟಿಕ್ ಹುರಿ ಇದ್ದರೆ ಊರಿನ ಟೇಲರೇ ಹೊಲಿದುಕೊಡಬಲ್ಲರು. ಹೊರಬಟ್ಟೆ ಒಳಬಟ್ಟೆಗಿಂತ ತುಸು ಅಗಲವಿರಬೇಕು. ಸಮ ಅಳತೆಯಾದರೆ ಬಾಗಿದಾಗ ಹೊರಬಟ್ಟೆ ಬಿಗಿದು ತುಂಬಿದ್ದನ್ನು ಹಿಂಡುತ್ತದೆ. ಹುರಿಯನ್ನು ಬೆನ್ನಿಗೂ ಹೊದಿಕೆಗೂ ಸಂದು ಬಿಡದಷ್ಟು ಮಾತ್ರ ಎಳೆಯಬೇಕು. ಸಂದು ಬಿಟ್ಟರೆ ಗಾಳಿ ಹೊಕ್ಕೀತು, ಅತಿ ಎಳೆದರೆ ಹೊದಿಕೆ ಚಪ್ಪಟೆಯಾದೀತು. ಮೇಲೊಂದು ತಾಡಪತ್ರಿ ಕಟ್ಟಿದರೆ ಇಬ್ಬನಿ ಬೀಳದು, ತೆರೆದ ಆಕಾಶಕ್ಕೆ ಹೋಗುವ ಕಾವೂ ತಗ್ಗುತ್ತದೆ.

ಕಂಬಳಿ, ಕೌದಿಗಳ ಜಾಗ ಮೈಮೇಲೆ. ಅಲ್ಲಿ ಅವುಗಳ ಮೇಲೆ ಭಾರವಿಲ್ಲ, ಗಾಳಿ ಉಳಿಯುತ್ತದೆ. ಕೌದಿಯನ್ನೇ ಕೆಳಗೆ ತೂಗಿದರೆ ಅದರ ತೂಕಕ್ಕೆ ಹುರಿ ಜಗ್ಗಿ ಸಂದು ಬೀಳುತ್ತದೆ. ಇಬ್ಬನಿಗೆ ಹತ್ತಿ ಒದ್ದೆಯಾದರೆ ಬೆಳಗಿನವರೆಗೂ ಒಣಗದು.

ಅಂಡರ್‌ಕ್ವಿಲ್ಟ್ ಮಾಡಲು ಹೊರಟರೆ ಕೌದಿ ಹೊಲಿಯುವ ಕೈಗಳೇ ಹತ್ತಿರದ ನೆರವು. ಆದರೆ ಅವರಿಗೆ ಹೇಳಬೇಕಾದ್ದು ಅವರ ರೂಢಿಗೆ ತದ್ವಿರುದ್ಧ. ಕೌದಿಯ ಬಾಳಿಕೆ ಒತ್ತು ಹೊಲಿಗೆಯಲ್ಲಿದೆ. ಇಲ್ಲಿ ಪ್ರತಿ ಹೊಲಿಗೆಯೂ ತುಂಬಿದ್ದನ್ನು ಅದುಮಿ ಚಳಿಗೆ ಒಂದು ಗೆರೆ ದಾರಿ ಬಿಡುತ್ತದೆ. ಹಾಳೆ ಜಾರದಂತೆ ಅಂಚಿನಲ್ಲಿ ಸುತ್ತ ಹೊಲಿದು, ನಡುವೆ ಅಲ್ಲಲ್ಲಿ ಒಂದೊಂದು ಸಡಿಲ ಟಾಕಿ ಹಾಕಿದರೆ ಸಾಕು.