ಬಂಕಾಪುರದಲ್ಲಿ ಮಾರಸಿಂಹನ ಸಲ್ಲೇಖನ

ಗಂಗವಂಶದ ಇಮ್ಮಡಿ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಕ್ರಿ. ಶ. 974ರ ಸುಮಾರಿನಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನಾಚರಿಸಿ ಮುಡಿಪಿದನೆಂದು ಶ್ರವಣಬೆಳ್ಗೊಳದ ಶಾಸನದಿಂದ ತಿಳಿದುಬರುತ್ತದೆ. ಮೂರೇ ದಿನಗಳ ಉಪವಾಸವು ಮರಣಕ್ಕೆ ಸಾಲುವುದೇ ಎಂಬುದು ವಿಚಾರಾರ್ಹವಾಗಿದೆ.

ಅನ್ನವಿಲ್ಲದ ದೇಹವು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವುದು; ಅದರಿಂದ ಕೀಟೋನ್ ಆಮ್ಲಗಳು ರಕ್ತವನ್ನು ಸೇರುವುವು. ಆಗ ರಕ್ತದಲ್ಲಿರುವ ಬೈಕಾರ್ಬೊನೇಟು ಅವುಗಳ ತೀಕ್ಷ್ಣತೆಯನ್ನು ತಗ್ಗಿಸುವುದು. ಶ್ವಾಸಕೋಶಗಳು ಅಂಗಾರಾಮ್ಲವಾಯುವನ್ನು ಹೆಚ್ಚಾಗಿ ಹೊರಹಾಕುವುವು. ಮೂತ್ರಪಿಂಡಗಳು ಆಮ್ಲವನ್ನು ವಿಸರ್ಜಿಸುವುವು. ಹೀಗೆ ರಕ್ತದ ಪಿಎಚ್ ಪ್ರಮಾಣವು ಸಹಜವಾದ 7.35–7.45ರ ಆಸುಪಾಸಿನಲ್ಲಿಯೇ ನಿಲ್ಲುವುದು. ಆರೋಗ್ಯವಂತನು ಮೂರು ದಿನಗಳ ನಿರಾಹಾರವನ್ನು ಸಾಮಾನ್ಯವಾಗಿ ತಾಳಬಲ್ಲನು. ಈ ಅಂಗಗಳು ಮೊದಲೇ ಕುಂದಿದ್ದರೆ ಸಮತೋಲವು ಬೇಗನೆ ಕೆಡುವುದು.

ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿಯೇ ಸಲ್ಲೇಖನವು ವಿಹಿತವೆಂದು ಸಮಂತಭದ್ರಾಚಾರ್ಯರ ಮತ. ಆದಕಾರಣ ‘ಮೂರು ದಿನ’ವೆಂಬುದು ವ್ರತದ ಅವಧಿಯನ್ನು ಹೇಳುವುದೇ ಹೊರತು ಮರಣದ ಕಾರಣವನ್ನಲ್ಲ, ಅರಸನ ದೇಹವು ಮುಂಚೆಯೇ ಜೀರ್ಣವಾಗಿದ್ದಿತೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ.