ಯುವ ನಿಧಿ ಯೋಜನೆ

ಯುವ ನಿಧಿಯು ನಿರುದ್ಯೋಗಿ ಪದವೀಧರರಿಗೆ ಹಾಗೂ ಡಿಪ್ಲೊಮಾ ಪಡೆದವರಿಗೆ ಕರ್ನಾಟಕ ಸರ್ಕಾರವು ನೀಡುವ ನಿರುದ್ಯೋಗ ಭತ್ಯೆಯ ಯೋಜನೆಯಾಗಿದೆ. ಇದು ಕಾಂಗ್ರೆಸ್ ಪಕ್ಷವು 2023ರ ವಿಧಾನಸಭಾ ಚುನಾವಣೆಯಲ್ಲಿ ಘೋಷಿಸಿದ ಐದು ಗ್ಯಾರಂಟಿಗಳಲ್ಲಿ ಒಂದು. ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯು ಇದನ್ನು ನಿರ್ವಹಿಸುತ್ತದೆ. ನೋಂದಣಿಯು 2023ರ ಡಿಸೆಂಬರ್ 26ರಂದು ಆರಂಭವಾಯಿತು. 2024ರ ಜನವರಿ 12ರಂದು, ಸ್ವಾಮಿ ವಿವೇಕಾನಂದರ ಜನ್ಮದಿನದಂದು, ಶಿವಮೊಗ್ಗದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭತ್ಯೆ ಪಾವತಿಗೆ ಚಾಲನೆ ನೀಡಿದರು.

ಅರ್ಹತೆ ಮತ್ತು ಮೊತ್ತ

ಪದವೀಧರರಿಗೆ ತಿಂಗಳಿಗೆ ₹3,000 ಹಾಗೂ ಡಿಪ್ಲೊಮಾ ಪಡೆದವರಿಗೆ ₹1,500 ದೊರೆಯುತ್ತದೆ. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಕರ್ನಾಟಕದ ನಿವಾಸಿಗಳು ಅರ್ಹರು. ಭತ್ಯೆಯ ಗರಿಷ್ಠ ಅವಧಿ ಎರಡು ವರ್ಷ. ಅದಕ್ಕೂ ಮೊದಲೇ ಉದ್ಯೋಗ ದೊರೆತರೆ ಪಾವತಿ ನಿಲ್ಲುತ್ತದೆ. ಮೊದಲಿಗೆ 2022–23ನೇ ಸಾಲಿನಲ್ಲಿ ತೇರ್ಗಡೆಯಾದವರಿಗಿದ್ದ ಯೋಜನೆಯನ್ನು ಬಳಿಕ ಮುಂದಿನ ಸಾಲಿನವರಿಗೂ ವಿಸ್ತರಿಸಲಾಯಿತು. ಉನ್ನತ ವ್ಯಾಸಂಗ ಮುಂದುವರಿಸಿದವರು ಮತ್ತು ಶಿಶಿಕ್ಷು ವೇತನ ಪಡೆಯುತ್ತಿರುವವರು ಅರ್ಹರಲ್ಲ.

ಅರ್ಜಿ ಮತ್ತು ಅದರ ಸ್ಥಿತಿ

ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ನೇರವಾಗಿ ಅಥವಾ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳ ಮೂಲಕ ಸಲ್ಲಿಸಬಹುದು. ಪದವಿಯ ದಾಖಲೆಗಳನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರದ (ಎನ್‌ಎಡಿ) ಮೂಲಕ ತಾಳೆ ನೋಡಲಾಗುತ್ತದೆ. ವಿಶ್ವವಿದ್ಯಾಲಯವು ಅಂಕಪಟ್ಟಿಯನ್ನು ಅಲ್ಲಿಗೆ ಸೇರಿಸದಿದ್ದರೆ ಅರ್ಜಿದಾರರ ತಪ್ಪಿಲ್ಲದೆಯೂ ಅರ್ಜಿ ಮುಂದುವರಿಯುವುದಿಲ್ಲ.

ಸಲ್ಲಿಕೆಯಾದಾಗ ದೊರೆಯುವ ಅರ್ಜಿ ಸಂಖ್ಯೆಯು ಮುಂದಿನ ವಿಚಾರಣೆಗೆ ಆಧಾರ. ಸೇವಾ ಸಿಂಧುವಿನ ಸ್ಥಿತಿ ಪರಿಶೀಲನೆ ವಿಭಾಗದಲ್ಲಿ ಇಲಾಖೆ ಮತ್ತು ಸೇವೆಯನ್ನು ಆಯ್ದು ಈ ಸಂಖ್ಯೆಯನ್ನು ನಮೂದಿಸಿದರೆ ಅರ್ಜಿಯು ಯಾವ ಹಂತದಲ್ಲಿದೆ ಎಂಬುದು ತಿಳಿಯುತ್ತದೆ.

ಪಾವತಿಯ ಪರಿಶೀಲನೆ

ಅರ್ಜಿಯ ಮಂಜೂರಾತಿ ಮತ್ತು ಹಣದ ಜಮೆ ಎರಡು ಬೇರೆ ಹಂತಗಳು. ಭತ್ಯೆಯು ನೇರ ನಗದು ವರ್ಗಾವಣೆಯ ಮೂಲಕ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹಲವು ಖಾತೆಗಳುಳ್ಳವರಿಗೆ, ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೆ ಹಣ ಸೇರುತ್ತದೆ. ಅದು ಅವರು ನಿತ್ಯ ಬಳಸುವ ಖಾತೆಯೇ ಆಗಿರಬೇಕೆಂದಿಲ್ಲ. ಯಾವ ಬ್ಯಾಂಕಿಗೆ, ಯಾವ ದಿನ, ಎಷ್ಟು ಹಣ ಸಂದಾಯವಾಗಿದೆ ಎಂಬುದನ್ನು ‘ಡಿಬಿಟಿ ಕರ್ನಾಟಕ’ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು.

ಸ್ವಯಂ ಘೋಷಣೆ

ಮಂಜೂರಾತಿಯ ನಂತರವೂ ಫಲಾನುಭವಿಯು ತಾನು ನಿರುದ್ಯೋಗಿಯಾಗಿದ್ದು ವ್ಯಾಸಂಗ ಮುಂದುವರಿಸುತ್ತಿಲ್ಲವೆಂದು ಸೇವಾ ಸಿಂಧುವಿನಲ್ಲಿ ಕಾಲಕಾಲಕ್ಕೆ ಘೋಷಿಸಬೇಕು. ಯೋಜನೆ ಆರಂಭವಾದಾಗ ಇದಕ್ಕೆ ಪ್ರತಿ ತಿಂಗಳ 25ನೇ ತಾರೀಖಿನ ಗಡುವಿತ್ತು. ಘೋಷಣೆ ಸಲ್ಲಿಸದಿದ್ದರೆ ಮಂಜೂರಾದ ಭತ್ಯೆಯೂ ಜಮೆಯಾಗುವುದಿಲ್ಲ. ಸುಳ್ಳು ಘೋಷಣೆ ದಂಡನೀಯ.

ಉಡುಪಿ ಜಿಲ್ಲೆಯಲ್ಲಿ

ಜಿಲ್ಲೆಯಲ್ಲಿ ಯೋಜನೆಯ ವಿಚಾರಣೆಗೆ ಮಣಿಪಾಲದ ರಜತಾದ್ರಿ ಸಂಕೀರ್ಣದಲ್ಲಿರುವ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಸಂಪರ್ಕಿಸಬಹುದು. ಕಾಪು ತಾಲೂಕಿನ ಶಂಕರಪುರ ಅಥವಾ ಕಾರ್ಕಳದಂತಹ ಊರುಗಳವರು ಅರ್ಜಿ ಸಲ್ಲಿಕೆಗಾಗಿ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಸಮೀಪದ ಸೇವಾ ಕೇಂದ್ರದಲ್ಲಿಯೇ ಸಲ್ಲಿಸಬಹುದು.